ಹಿಟ್ಟು ರುಬ್ಬುವ ಹೊತ್ತಿನ ಜಾಝ್ ಪಾಠ

ಶನಿವಾರ ಸಂಜೆ ನಾಲ್ಕರಿಂದ ಐದರವರೆಗೆ ನಮ್ಮ ಹೋಟೆಲಿನ ಹಿಂದಿನ ಹಾಲಿನಲ್ಲಿ ಭಜನೆ. ವೇಲಚೇರಿ ಸುತ್ತಮುತ್ತ ಇರುವ ನಮ್ಮೂರ ಕಡೆಯವರು ಹತ್ತು ಹದಿನೈದು ಜನ ಸೇರುತ್ತೇವೆ. ಜಾಝ್ ಪಾಠ ಹೇಳುವ ಮಾಸ್ತರರು ನನ್ನ ಮಹಡಿಗೆ ಬಾಡಿಗೆಗೆ ಬಂದ ಮೊದಲ ಶನಿವಾರ ಮರ್ಯಾದೆಗೆಂದು ಅವರನ್ನೂ ಕರೆದೆ. ಬಂದರು. ಕಂಬಕ್ಕೆ ಒರಗಿ ಕುಳಿತು, ಕಣ್ಣು ಮುಚ್ಚಿ, ಚಪ್ಪಾಳೆ ತಟ್ಟಲು ಶುರು ಮಾಡಿದರು. ನಾವೆಲ್ಲ ಒಂದಕ್ಕೆ ಮತ್ತು ಮೂರಕ್ಕೆ ತಟ್ಟುತ್ತಿದ್ದರೆ ಅವರು ಎರಡಕ್ಕೆ ಮತ್ತು ನಾಲ್ಕಕ್ಕೆ. ನಾವು ಕೈ ಬಿಚ್ಚಿದಾಗ ಅವರ ಕೈ ಕೂಡುತ್ತಿತ್ತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅರ್ಧ ಹೆಂಗಸರು ಅವರ ಪಕ್ಷಕ್ಕೆ ಸೇರಿದ್ದರು. ತಾಳ ಹಾಕುತ್ತಿದ್ದ ನನ್ನ ಷಡ್ಡಕ ತಾಳವನ್ನು ಕೆಳಗಿಟ್ಟು, ಈ ಮನುಷ್ಯನನ್ನು ಎಲ್ಲಿಂದ ಹಿಡಿದು ತಂದೆ ಎನ್ನುವಂತೆ ನನ್ನನ್ನು ನೋಡಿದ.

ಮಂಗಳಾರತಿ ಮುಗಿದ ಮೇಲೆ, "ನೀವು ತಪ್ಪು ತಟ್ಟಿದ್ರಿ ಮಾರಾಯ್ರೆ," ಎಂದೆ.

"ತಪ್ಪಲ್ರಿ ಸಾವ್ಕಾರ್ರ. ನೀವು ತಟ್ಟದ ಜಾಗಾ ಖಾಲಿ ಬಿದ್ದಿತ್ತು. ಅಲ್ಲಿ ತಟ್ಟಿದೆ," ಎಂದು ಪ್ರಸಾದದ ಬಾಳೆಹಣ್ಣು ಸುಲಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಾಗಿಲಿಗೆ ಒಂದು ಬೋರ್ಡು ಹಾಕಿಸಿ ಎಂದು ನಾನು ಎಷ್ಟು ಸಲ ಹೇಳಿದರೂ, "ಹೆಸರು ನೋಡಿ ಬರೋ ಹುಡುಗ್ರು ನನಗ ಬ್ಯಾಡ" ಎಂದು ತಪ್ಪಿಸಿಕೊಂಡವರು ಅವರು. ಕಳೆದ ತಿಂಗಳು ಪೆರಂಬೂರಿನ ತಂಗಿಯ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲಿ ಕುಳಿತರಂತೆ, ಕುಳಿತಲ್ಲೇ ಹೋದರಂತೆ. ರಸಂ ಎರಡನೆಯ ಸಲ ಕೇಳಿ ಹಾಕಿಸಿಕೊಂಡಿದ್ದರು ಎಂದು ತಂಗಿ ಹೇಳಿದರು. ದುಃಖದ ನಡುವೆಯೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆರು ವರ್ಷ ನಮ್ಮಲ್ಲಿ ಉಂಡರು, ಒಂದು ದಿನವೂ ನಮ್ಮ ರಸಂ ಎರಡನೆಯ ಸಲ ಕೇಳಿದವರಲ್ಲ.

ಅವರ ತಂದೆ ಹುಬ್ಬಳ್ಳಿಯಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಫಿಟ್ಟರಾಗಿ ಬಂದವರು. ಮಾಸ್ತರರು ಹುಟ್ಟಿದ್ದು, ಬೆಳೆದದ್ದು ರೈಲ್ವೆ ಕಾಲೊನಿಯಲ್ಲಿ. ಹುಬ್ಬಳ್ಳಿಯನ್ನು ನೋಡಿದ್ದು ಮೂರೋ ನಾಲ್ಕೋ ಸಲ. ಆದರೂ ಮನೆಯ ಮಾತು ಹುಬ್ಬಳ್ಳಿಯದೇ ಉಳಿದಿತ್ತು, ನಡುವೆ ತಮಿಳು ಒಗ್ಗರಣೆ ಬಿದ್ದಿತ್ತು. ನನ್ನ ಮಾತು ಕುಂದಾಪುರದ ಕಡೆಯದು. ನಾವಿಬ್ಬರೂ ಕನ್ನಡದಲ್ಲಿ ಮಾತಿಗೆ ನಿಂತರೆ ನಮ್ಮ ಸಪ್ಲೈಯರ್ ಸುಂದರಂ, "ಸಾರ್, ಇಬ್ಬರೂ ಒಂದೇ ಭಾಷೆ ತಾನಾ?" ಎಂದು ಕೇಳುತ್ತಿದ್ದ.

ಕಾಲೊನಿಯಲ್ಲಿ ಪಕ್ಕದ ಮನೆಯ ನಿವೃತ್ತ ಎಂಜಿನ್ ಡ್ರೈವರ್ ಒಬ್ಬರು ಇವರಿಗೆ ಸ್ಯಾಕ್ಸೊಫೋನ್ ಹಿಡಿಯಲು ಕಲಿಸಿದರು. ರೈಲ್ವೆ ಇನ್‌ಸ್ಟಿಟ್ಯೂಟಿನ ಡಾನ್ಸಿಗೆ ಊದುತ್ತ ಊದುತ್ತ ಕೋಡಂಬಾಕ್ಕದ ಸಿನಿಮಾ ವಾದ್ಯವೃಂದಕ್ಕೆ ಹೋದರು, ಅಲ್ಲಿ ಬಹಳ ವರ್ಷ ಇದ್ದರು. ಆಮೇಲೆ ಪಿಯಾನೊ ಕೂಡ ಕಲಿತು ಪಾಠಕ್ಕೆ ಕುಳಿತರು. ಸಂಗೀತ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಖಾಸಗಿಯಾಗಿ ಜಾಝ್ ಪಾಠ. ಒಬ್ಬೊಬ್ಬರೇ ಬರಬೇಕು, ಮುಕ್ಕಾಲು ಗಂಟೆ. ಎರಡನೆಯ ವರ್ಷದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. "ಹಿಟ್ಟು ಹುಳಿ ಬರೋದಕ್ಕ ಮುಂಚೆ ನನ್ನ ಕೈಗೆ ಕೊಡ್ರಿ," ಎನ್ನುತ್ತಿದ್ದರು. ಹುಳಿ ಬರದ ಹಿಟ್ಟಿನಲ್ಲಿ ದೋಸೆ ಆಗುವುದಿಲ್ಲ ಎಂದು ನಾನು ತಿದ್ದಿದೆ. "ನಿಮಗ ಆಗಂಗಿಲ್ಲ, ನನಗ ಆಗ್ತದ," ಎಂದರು.

ಮಹಡಿ ನೋಡಲು ಬಂದ ದಿನ ಅವರು ಗೋಡೆಯ ಬಣ್ಣ ಕೇಳಲಿಲ್ಲ, ಬಚ್ಚಲು ನೋಡಲಿಲ್ಲ. ಕೆಳಗೆ ಗೋಡೆಯ ಮೇಲೆ ಎದೆಯೆತ್ತರಕ್ಕೆ ಉಳಿದಿದ್ದ ಹಿಂದಿನ ನೆರೆಯ ನೀರಿನ ಗುರುತನ್ನು ನೋಡಿ, ಮಹಡಿಯ ಮೆಟ್ಟಿಲು ಎಣಿಸಿ, "ಇಲ್ಲಿಗೆ ನೀರು ಬರಂಗಿಲ್ಲ, ಪಿಯಾನೊ ಉಳೀತದ," ಎಂದು ಒಪ್ಪಿಬಿಟ್ಟರು. ನಾನೇ ಎಚ್ಚರಿಸಿದೆ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಕೆಳಗೆ ದೊಡ್ಡ ಗ್ರೈಂಡರ್ ಓಡುತ್ತದೆ, ಕಟ್ಟಡವೇ ನಡುಗುತ್ತದೆ, ಪಾಠಕ್ಕೆ ತೊಂದರೆಯಾದೀತು ಎಂದೆ. ಅವರು ಅಡುಗೆಮನೆಗೆ ಬಂದು ಗ್ರೈಂಡರ್ ಹಾಕಿಸಿದರು. ಕಲ್ಲು ದುಡುಕ್ ದುಡುಕ್ ಎಂದು ತಿರುಗುವುದನ್ನು ತಲೆ ಓರೆ ಮಾಡಿ ಕೇಳಿದರು. ಜೇಬಿನೊಳಗೆ ಬೆರಳು ಆಡುತ್ತಿತ್ತು.

"ಇದನ್ನ ಬಂದ್ ಮಾಡಬ್ಯಾಡ್ರಿ. ನನ್ನ ಹುಡುಗ್ರು ಗಾಬರಿ ಆದ್ರ ಓಡತಾರ. ನಿಮ್ಮ ಗ್ರೈಂಡರ್ ಓಡಂಗಿಲ್ಲ."

ಹಾಗಾಗಿ ಎರಡೂವರೆಗೆ ನಮ್ಮದು ಉದ್ದು, ಅವರದು ಪಾಠ. ಬೆನ್ನಿಗೆ ಗಿಟಾರ್, ಕೈಯಲ್ಲಿ ಕಹಳೆಯ ಪೆಟ್ಟಿಗೆ ಹಿಡಿದು ಮಕ್ಕಳು ಮೆಟ್ಟಿಲು ಹತ್ತುತ್ತಿದ್ದರು. ಪೆಟ್ಟಿಗೆ ತೆರೆಯಲು ಮೊದಲ ತಿಂಗಳು ಅವರಿಗೆ ಅಪ್ಪಣೆ ಇರಲಿಲ್ಲ. ಹಾಡಬೇಕು. "ಬಾಯಿಗೆ ಬರದ್ದು ಬೆರಳಿಗೆ ಬರಂಗಿಲ್ಲ" ಎಂಬುದು ಅವರ ಮೊದಲ ಪಾಠ. ಬೆಸೆಂಟ್ ನಗರದ ಶ್ರೀಮಂತರ ಹುಡುಗನೊಬ್ಬ ದುಬಾರಿಯ ಗಿಟಾರ್ ತಂದು, ಅದನ್ನು ಮುಟ್ಟದೆಯೇ ನಾಲ್ಕು ವಾರ ನಮ್ಮ ಮೆಟ್ಟಿಲ ಮೇಲೆ ಕುಳಿತು "ದೂ ದಾ ದೂ ದಾ" ಎನ್ನುತ್ತಿದ್ದ. ಇವನಿಗೆ ಏನಾಗಿದೆ ಎಂದು ಗಿರಾಕಿಗಳು ಕೇಳುವರು. ಕಾಲೇಜು ಓದುತ್ತಿದ್ದಾನೆ ಎಂದು ನಾನು ಹೇಳುವೆ.

ಅವರ ಇನ್ನೊಂದು ಪಾಠ ನಮ್ಮ ಟೇಬಲ್ಲಿನಲ್ಲೇ ನಡೆಯುತ್ತಿತ್ತು. ಹೊಸ ವಿದ್ಯಾರ್ಥಿಯನ್ನು ಕರೆತಂದು ಕೂರಿಸಿ ಸುಂದರಂನನ್ನು ಕೂಗುವರು. "ಎನ್ನ ಇರುಕ್ಕು?" ಏನೇನು ಇದೆ ಎಂಬ ಆ ಒಂದು ಪ್ರಶ್ನೆಗೆ ಸುಂದರಂ ಒಂದೇ ಓಟದಲ್ಲಿ ಇಡ್ಲಿಯಿಂದ ಅಡೆ ಅವಿಯಲ್‌ವರೆಗೆ ಇಪ್ಪತ್ತೆರಡು ತಿಂಡಿ ಒಪ್ಪಿಸುವನು. ರವಾದೋಸೆಯ ಹತ್ತಿರ ಒಂದು ಚೂರು ನಿಲ್ಲುತ್ತಾನೆ, ಈರುಳ್ಳಿ ಊತ್ತಪ್ಪವನ್ನು ಎಳೆಯುತ್ತಾನೆ. "ಎಲ್ಲಿ ಉಸಿರು ತಗೊಂಡ, ಹೇಳು," ಎಂದು ವಿದ್ಯಾರ್ಥಿಗೆ ಪ್ರಶ್ನೆ. ಹೇಳಲಾರದವನಿಗೆ ಕಾಫಿ ಇಲ್ಲ. ಸುಂದರಂಗೆ ಇದರಿಂದ ತಲೆ ತಿರುಗಿತು. ಸಂಬಳ ಹೆಚ್ಚು ಕೇಳಲು ಬಂದಾಗ, "ನಾನೂ ಪಾಠ ಮಾಡುತ್ತೇನಲ್ಲ ಸಾರ್" ಎಂದ.

ಇದೆಲ್ಲ ನನಗೆ ಮೋಜಾಗಿಯೇ ಇತ್ತು, ನನ್ನ ಮಗಳು ಅನುಷಾ ಆ ಮೆಟ್ಟಿಲು ಹತ್ತುವವರೆಗೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಇವತ್ತು ನನ್ನ ಹೋಟೆಲಿನ ಬೋರ್ಡು ವೇಲಚೇರಿ ಸ್ಟೇಷನ್ನಿನ ಮೇಲಿನ ಮೆಟ್ಟಿಲಿನಿಂದ ಕಾಣುತ್ತದೆ. ಯಾರ ಕಾಲಿಗೂ ಬಿದ್ದು ಅದನ್ನು ಏರಿಸಿದ್ದಲ್ಲ. ಆದರೆ ಕಾಗದ ಎಂದರೆ ನನಗೆ ಒಂದು ಭಯ, ಒಂದು ಭಕ್ತಿ. ಅನುಷಾ ಆರನೆಯ ವಯಸ್ಸಿನಿಂದ ಪಿಯಾನೊ ಕಲಿತು, ಪಾಶ್ಚಾತ್ಯ ಸಂಗೀತದ ಎಂಟು ಗ್ರೇಡುಗಳನ್ನು ಮುಗಿಸಿದಳು. ಎಂಟು ಸರ್ಟಿಫಿಕೇಟಿಗೂ ಕಟ್ಟು ಹಾಕಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟದ ಎರಡೂ ಬದಿಗೆ ನಾಲ್ಕು ನಾಲ್ಕು ತೂಗಿಸಿದ್ದೆ. ಗಿರಾಕಿಗಳು ಚಿಲ್ಲರೆ ತೆಗೆದುಕೊಳ್ಳುತ್ತ ಅದನ್ನು ಓದುತ್ತಿದ್ದರು. ನಾನು ಸುಮ್ಮನೆ ನಿಂತಿರುತ್ತಿದ್ದೆ, ಕೇಳಿದರೆ ಮಾತ್ರ ಹೇಳುತ್ತಿದ್ದೆ. ಎಲ್ಲರೂ ಕೇಳುತ್ತಿದ್ದರು.

ಅವಳು ಸಂಗೀತ ಕಾಲೇಜು ಸೇರಿದ ವರ್ಷ ತಮಿಳರ ಐಪ್ಪಸಿ ತಿಂಗಳಿನಲ್ಲಿ, ಹಿಂಗಾರು ಮಳೆ ಶುರುವಾಗುವ ಹೊತ್ತಿಗೆ, ಒಂದು ಸುದ್ದಿ ತಂದಳು. ಕಾರ್ತಿಕದ ಕೊನೆಗೆ ಕಾಲೇಜಿನಲ್ಲಿ ಆಯ್ಕೆ ಇದೆ. ಗೆದ್ದವರಿಗೆ ಮಾತ್ರ ಮುಂದಿನ ಮೂರು ವರ್ಷ ವಾದನದ ವಿಭಾಗ. ಉಳಿದವರು ಬರೀ ಥಿಯರಿ ಓದಬೇಕು, ಪಿಯಾನೊ ಪಕ್ಕಕ್ಕೆ. ಆಯ್ಕೆಯಲ್ಲಿ ಒಂದು ಭಾಗ ಓದಿ ಬಾರಿಸುವುದು, ಅದು ಅವಳಿಗೆ ನೀರು ಕುಡಿದಂತೆ. ಇನ್ನೊಂದು ಭಾಗ ಜಾಝ್. ಹನ್ನೆರಡು ಬಾರಿನ, ನಮ್ಮ ಲೆಕ್ಕದಲ್ಲಿ ಹನ್ನೆರಡು ಆವರ್ತದ, ಒಂದು ಸುತ್ತು ಕೊಡುತ್ತಾರೆ, ಅದರ ಮೇಲೆ ಆ ಕ್ಷಣಕ್ಕೆ ತೋಚಿದ್ದನ್ನು ಬಾರಿಸಬೇಕು. ಕಾಗದ ಇಲ್ಲ.

"ಪೇಪರ್ ಇಲ್ಲಾಮ ಎನಕ್ಕು ಕೈಯೇ ವರಲ ಅಪ್ಪಾ," ಎಂದಳು. ಕಾಗದ ಇಲ್ಲದೆ ಕೈಯೇ ಓಡುವುದಿಲ್ಲವಂತೆ. ಅವಳಿಗೆ ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಹೇಳುವುದು, ನಮ್ಮ ಮನೆಯ ಪದ್ಧತಿ.

ಔಷಧಿ ಮಹಡಿಯ ಮೇಲೆಯೇ ಇದೆಯಲ್ಲ ಎಂದು ಮಾಸ್ತರರ ಹತ್ತಿರ ಕಳಿಸಿದೆ. ಕಾಲೇಜು ಮುಗಿಸಿ ಬಂದು, ಗ್ರೈಂಡರ್ ನಿಂತ ಮೇಲೆ ಅವಳ ಪಾಠ. ಮೊದಲ ಪಾಠಕ್ಕೆ ಅವಳು ತನ್ನ ದಪ್ಪ ಪುಸ್ತಕ ಒಯ್ದಳು. ಅವರು ಅದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಇಟ್ಟರಂತೆ. ಆಯ್ಕೆಗೆ ದಿನ ಕಡಿಮೆ ಇದ್ದುದರಿಂದ ಹಾಡಿಸುವ ತಿಂಗಳನ್ನು ಬಿಟ್ಟು, ನೇರ "ಈಗ ಬಾರಿಸು" ಎಂದರಂತೆ. ಮುಕ್ಕಾಲು ಗಂಟೆ ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತು, ಕಣ್ಣು ಕೆಂಪು ಮಾಡಿಕೊಂಡು ಇಳಿದು ಬಂದಳು. ಎರಡನೆಯ ಪಾಠ, ಮೂರನೆಯ ಪಾಠ, ಅದೇ. ನಾನು ಭುಜದ ಟವೆಲನ್ನು ಸುಂದರಂ ಕೈಗೆ ಕೊಟ್ಟು ಮೇಲೆ ಹೋದೆ.

"ಪುಸ್ತಕ ಇಲ್ಲದೆ ಕಲ್ಸೂದು ಅಂದ್ರೆ ಎಂಥ ಕಲ್ಸೂದು ಮಾರಾಯ್ರೆ?"

"ನೀವು ಸಪ್ಲೈಯರ್ ಇದ್ದಾಗ ಹನ್ನೆರಡು ಟೇಬಲ್ಲಿನ ಆರ್ಡರ್ ಚೀಟಿ ಇಲ್ಲದ ನೆನಪಿಡತಿದ್ರಂತ. ಸುಂದರಂ ಹೇಳಿದ. ಯಾರ್ ಕಲಿಸಿದ್ರು?"

"ಹೊಟ್ಟೆ ಕಲ್ಸಿತ್ತು. ನನ್ನ ಮಗಳು ಹಾಂಗೆ ಕಲೀಬಾರ್ದು ಅಂತಲೇ ನಾನು ಇಷ್ಟು ವರ್ಷ ಒಲೆ ಮುಂದೆ ನಿಂತದ್ದು."

ಎಲ್ಲದಕ್ಕೂ ಒಂದು ತಿರುಗುಬಾಣ ಇಟ್ಟುಕೊಂಡಿರುವವರು ಆಗ ಪಿಯಾನೊದ ಮುಚ್ಚಳದ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದರು. ಆಮೇಲೆ ತಮ್ಮ ಒಂದು ಕತೆ ಹೇಳಿದರು. ಬಡಿವಾರದ ಕತೆಯಲ್ಲ.

ಸಿನಿಮಾ ವಾದ್ಯವೃಂದದಲ್ಲಿ ಮುಂದೆ ಇಟ್ಟ ಕಾಗದವನ್ನು ಊದುವುದೇ ಕೆಲಸ. ಇಪ್ಪತ್ತು ವರ್ಷ ಒಂದು ಸ್ವರ ತಪ್ಪದೆ ಊದಿದ್ದರಂತೆ. ಒಂದು ದಿನ ಸಂಗೀತ ನಿರ್ದೇಶಕರು ಗಾಜಿನ ಆಚೆಯಿಂದ, "ಇಲ್ಲಿ ಎಂಟು ಬಾರು ನಿಮ್ಮದು, ನಿಮಗೆ ತೋಚಿದ್ದು ಊದಿ," ಎಂದರು. ಅವರ ಮುಂದಿನ ಕಾಗದದಲ್ಲಿ ಎಂಟು ಖಾಲಿ ಮನೆಗಳು.

"ಖಾಲಿ ನೋಡಿದೆ, ಉಸಿರು ನಿಂತುಬಿಡ್ತು. ಒಂದ್ ಸಲ, ಎರಡ್ ಸಲ, ಮೂರ್ ಸಲ. ಐವತ್ತು ಜನ ಪಿಟೀಲು ಕೆಳಗಿಟ್ಟು ನನ್ನ ಮುಖ ನೋಡಿಕೋತ ಕುಂತಾರ. ಕಡೀಕ ಬೇರೆಯವನ್ನ ಕರಸಿ ಊದಿಸಿದ್ರು. ಅವತ್ತ ಮನೀಗೆ ಬಂದು ನಲವತ್ತೆರಡನೇ ವಯಸ್ಸಿನಾಗ ದೂ ದಾ ದೂ ದಾ ಅಂತ ಶುರು ಮಾಡಿದೆ. ನಿಮ್ಮ ಮಗಳಿಗೆ ಈಗ ಹದಿನೆಂಟು. ಅಳಲಿ ಬಿಡ್ರಿ."

ಕತೆ ಕೇಳಿ ಮನಸ್ಸು ಮೆತ್ತಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಕ್ಯಾಲೆಂಡರ್ ಮೆತ್ತಗಾಗಲಿಲ್ಲ. ಆಯ್ಕೆಗೆ ಮೂರು ವಾರ ಉಳಿದಿತ್ತು, ಮಗಳ ಕೈ ಇನ್ನೂ ಮಡಿಲಲ್ಲೇ ಇತ್ತು. ರಾಮನವಮಿಗೆ ಐನೂರು ಜನಕ್ಕೆ ಊಟ ಹಾಕು ಎಂದರೆ ಹಾಕಿದವನು ನಾನು, ಇದಕ್ಕೊಂದು ವ್ಯವಸ್ಥೆ ಮಾಡಲಾರೆನೇ ಎನಿಸಿತು.

ಮಾಡಿದೆ. ವಡಪಳನಿಯಲ್ಲಿ ಸ್ವರಲಿಪಿ ಬರೆದುಕೊಡುವ ಕೀಬೋರ್ಡಿನವನೊಬ್ಬನನ್ನು ಹುಡುಕಿದೆ. ಆ ಕ್ಷಣಕ್ಕೆ ತೋಚಿದಂತೆ ಇರುವ ಜಾಝ್ ಎರಡು ಪುಟ ಬೇಕು ಎಂದೆ. "ಎಷ್ಟು ತೋಚಿದಂತೆ ಇರಬೇಕು ಸಾರ್?" ಎಂದು ಕೇಳಿದ. ನಡುವೆ ಒಂದು ಕಡೆ ಯೋಚಿಸುತ್ತಿರುವಂತೆ ಸ್ವಲ್ಪ ತಡವರಿಸಲಿ ಎಂದೆ. ಅದನ್ನೂ ಬರೆದುಕೊಟ್ಟ. ಅಡುಗೆಮನೆಯ ಎಣ್ಣೆ ಕೈ ತಗುಲಿ ಹಾಳಾಗಬಾರದು ಎಂದು ನಮ್ಮ ಮೆನು ಕಾರ್ಡು ಮಾಡಿಸುವ ಅಂಗಡಿಯಲ್ಲೇ ಎರಡು ಪುಟವನ್ನೂ ಲ್ಯಾಮಿನೇಷನ್ ಮಾಡಿಸಿ ಮಗಳ ಕೈಗೆ ಕೊಟ್ಟೆ. ಬಾಯಿಪಾಠ ಮಾಡು, ಮಾಸ್ತರರಿಗೂ ಗೊತ್ತಾಗಲಿಕ್ಕಿಲ್ಲ ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ನಾಲ್ಕು ದಿನದಲ್ಲಿ ಕಂಠಪಾಠ ಮಾಡಿದಳು.

ಐದನೆಯ ದಿನ ಮಾಸ್ತರರು ಮೇಲಿನಿಂದ ನನ್ನನ್ನು ಕೂಗಿದರು. ಹೋದೆ. ಅನುಷಾ ಪಿಯಾನೊ ಮುಂದೆ ಇದ್ದಳು.

"ನಿಮ್ಮ ಮಗಳು ಇವತ್ತು ಛಲೋ ಬಾರಿಸಿದ್ಲು. ಕೇಳ್ರಿ. ಬಾರಿಸವ್ವ."

ಬಾರಿಸಿದಳು. ನನಗೆ ಎದೆ ತುಂಬಿತು.

"ಇನ್ನೊಮ್ಮೆ."

ಮತ್ತೆ ಬಾರಿಸಿದಳು. ಅದೇ ಜಾಗದಲ್ಲಿ ಅದೇ ತಡವರಿಕೆ.

"ಇನ್ನೊಮ್ಮೆ."

ಮೂರನೆಯ ಸಲವೂ ಅಷ್ಟೇ ಹೊತ್ತು ತಡವರಿಸಿದಾಗ ನನಗೇ ಮುಖ ಬಿಸಿಯಾಯಿತು. ಮಾಸ್ತರರು ಅವಳ ಪಕ್ಕ ಕುಳಿತು ಅದೇ ಸುತ್ತನ್ನು ಬೇರೆ ಶ್ರುತಿಯಲ್ಲಿ ಹಿಡಿದರು. "ಬಾ ಈಗ." ಅವಳ ಕೈ ಮಡಿಲಿಗೆ ಬಿತ್ತು.

"ಯಾರ್ ಬರದಿದ್ದು?" ಎಂದು ಅವರು ಕೇಳಿದ್ದು ಅವಳನ್ನು. ಉತ್ತರ ಕೊಟ್ಟದ್ದು ನಾನು. "ನಾನೇ ಬರೆಸಿದ್ದು." ಹೇಳುವಾಗ ಸ್ವಲ್ಪ ಗತ್ತು ಇತ್ತೆಂದೇ ಕಾಣುತ್ತದೆ.

ಕಾಗದ ತೋರಿಸಿ ಎಂದರು. ಲ್ಯಾಮಿನೇಷನ್ ನೋಡಿದ ಕೂಡಲೇ ಅವರಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ನಕ್ಕು ನಕ್ಕು ಕುರ್ಚಿ ಹಿಡಿದು ಕುಳಿತರು, ಕಣ್ಣೊರೆಸಿಕೊಂಡರು. "ಸಾವ್ಕಾರ್ರ, ತಡವರಿಸೋದನ್ನೂ ಬರೆಸೀರಲ್ಲ," ಎಂದು ಮತ್ತೆ ನಕ್ಕರು. ಅನುಷಾ ನಗಲಿಲ್ಲ, ನಾನೂ ನಗಲಿಲ್ಲ. ಅದು ಅವರಿಗೆ ತಿಳಿಯಿತು. ಮುಖ ಒರೆಸಿಕೊಂಡು, ಅವಳನ್ನು ಕಾಫಿ ಕುಡಿದು ಬಾ ಎಂದು ಕೆಳಗೆ ಕಳಿಸಿದರು.

"ಸಿಟ್ಟಾಗಬ್ಯಾಡ್ರಿ. ಆಕಿ ಕೈ ನಿಲ್ಲೋದು ಕಾಗದ ಇಲ್ಲಂತ ಅಲ್ಲ. ಗೋಡೆ ಮ್ಯಾಲ ಎಂಟು ಕಟ್ಟು ಹಾಕಿಸೀರಿ, ಒಂಬತ್ತನೇದಕ್ಕ ಮೊಳಿ ಹೊಡದು ಕುಂತೀರಿ. ಈ ಕೋಣ್ಯಾಗ ತಪ್ಪು ಬಾರಿಸಿದ್ರ ಕೆಳಗ ನಿಮಗ ಕೇಳಸ್ತದ. ಅದು ಆಕಿಗೆ ಗೊತ್ತದ. ತಪ್ಪು ಬಾರಿಸದ ಈ ವಿದ್ಯಾ ಬರಂಗಿಲ್ಲ."

ಒಂಬತ್ತನೆಯ ಮೊಳೆ ಹೊಡೆದದ್ದು ನಿಜವೇ. ಆದರೆ ನನ್ನ ಗೋಡೆಯ ಮಾತನ್ನು ನನ್ನ ಬಾಡಿಗೆದಾರ ಆಡಿದ್ದನ್ನು ನಾನು ತಾಳಿಕೊಳ್ಳಲಾರದೆ ಹೋದೆ. "ತಿಂಗಳ ಕೊನೆಗೆ ಮಹಡಿ ಖಾಲಿ ಮಾಡಿ," ಎಂದೆ.

"ಸರಿ. ಮಾಡೋಣು," ಎಂದರು, ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದರೆ ಹೌದೌದು ಎನ್ನುವ ಹಾಗೆ. "ಆಯ್ಕೆಗೆ ಇನ್ನ ಹನ್ನೊಂದು ದಿವ್ಸ ಅದ. ಅಷ್ಟೂ ದಿವ್ಸ ಆಕಿನ್ನ ನನಗ ಬಿಡ್ರಿ. ನೀವು ಮ್ಯಾಲ ಬರಬ್ಯಾಡ್ರಿ. ಕಿವೀನೂ ಕೊಡಬ್ಯಾಡ್ರಿ. ಆಕಿ ಪಾಠ ಎಷ್ಟೊತ್ತಿಗಿದ್ರೂ ಗ್ರೈಂಡರ್ ಹಚ್ಚಿಬಿಡ್ರಿ. ಅಪ್ಪಗ ಕೇಳಸಂಗಿಲ್ಲ ಅಂತ ಆಕಿಗೆ ಖಾತ್ರಿ ಆಗಬೇಕು."

ಸಿಟ್ಟಿನಲ್ಲಿದ್ದರೂ ಒಪ್ಪಿದೆ. ಬೇರೆ ದಾರಿ ಎಲ್ಲಿತ್ತು.

ಆ ಹನ್ನೊಂದು ದಿನ ನಮ್ಮ ಹೋಟೆಲಿನಲ್ಲಿ ರುಬ್ಬಿದ ಹಿಟ್ಟಿಗೆ ಲೆಕ್ಕವಿಲ್ಲ. ಬೆಳಿಗ್ಗೆ ಹತ್ತಕ್ಕೆ ಪಾಠ ಎಂದರೆ ಹತ್ತಕ್ಕೆ ಗ್ರೈಂಡರ್, ಸಂಜೆ ಐದಕ್ಕೆ ಎಂದರೆ ಐದಕ್ಕೆ. ಉದ್ದು ಮುಗಿದಾಗ ಬರೀ ನೀರು, ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿದೆ. ಹೆಚ್ಚಾದ ಹಿಟ್ಟಿಗೆ ದಾರಿ ಕಾಣದೆ ಊತ್ತಪ್ಪ ತಟ್ಟೆಯಷ್ಟಗಲ ಆಯಿತು. ಸುಂದರಂ ಮನೆಗೆ ಒಯ್ದ, ಎದುರಿನ ಔಷಧಿ ಅಂಗಡಿಗೆ ಕೊಟ್ಟ. "ಸಾರ್, ಉಂಗಳುಕ್ಕು ಎನ್ನ ಆಚ್ಚು?" ಎಂದು ನನಗೆ ಏನಾಯಿತೆಂದು ಕೇಳಿದ. ಆ ಕಲ್ಲಿನ ಸದ್ದಿನ ಕೆಳಗೆ ಎಲ್ಲೋ ದೂರದಲ್ಲಿ ಪಿಯಾನೊ ಇದೆ ಎಂದು ಗೊತ್ತು, ಆದರೆ ಒಂದು ಸ್ವರವೂ ಹಿಡಿಗೆ ಸಿಗುವುದಿಲ್ಲ. ಒಂದೆರಡು ಸಲ ಕೈ ಸ್ವಿಚ್ಚಿನ ಹತ್ತಿರ ಹೋಯಿತು. ಕೊಟ್ಟ ಮಾತಿಗೆ ತಪ್ಪಿದವನು ನಾನಲ್ಲ, ಕೈ ಹಿಂದೆ ಕಟ್ಟಿಕೊಂಡೆ. ಐದನೆಯ ದಿನದಿಂದ ಮಗಳು ಕೆಂಪು ಕಣ್ಣಿನಲ್ಲಿ ಇಳಿಯುವುದು ನಿಂತಿತು. ಎಂಟನೆಯ ದಿನ ಪಾಠ ಮುಗಿಸಿ ಬಂದವಳು ಹಸಿವೆ ಎಂದು ಎರಡು ಮಸಾಲೆದೋಸೆ ತಿಂದಳು.

ಆಯ್ಕೆಯ ದಿನ ಕೊಡೆ ಹಿಡಿದು ಕಾಲೇಜಿಗೆ ಕರೆದೊಯ್ದೆ. ಪರೀಕ್ಷೆಯ ಕೋಣೆಯ ಬಾಗಿಲು ತೆರೆದೇ ಇತ್ತು, ತಂದೆ ತಾಯಂದಿರು ವರಾಂಡದಲ್ಲಿ ನಿಂತು ಕೇಳುತ್ತಿದ್ದರು. ಅನುಷಾಳ ಹೆಸರು ಕೂಗಿದರು. ಅವಳು ಒಳಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ನಾನು ಶಿಸ್ತಿನ ಮನುಷ್ಯ. ಅವಳಿಗೆ ಖಾತ್ರಿಯಾಗಲಿ ಎಂದು, ಅವಳು ನೋಡುತ್ತಿರುವಾಗಲೇ ವರಾಂಡ ಇಳಿದು, ಮಳೆಯಲ್ಲಿ ಗೇಟಿನ ಆಚೆಯ ಎಳನೀರಿನವನ ಗಾಡಿಯವರೆಗೆ ನಡೆದು ನಿಂತೆ. ಮಳೆಯಲ್ಲಿ ಎಳನೀರು ಯಾರಿಗೆ ಬೇಕು. ಎರಡು ಕುಡಿದೆ.

ಅರ್ಧ ಗಂಟೆಗೆ ಅವಳು ಓಡಿ ಬಂದಳು. ಮುಖ ಬೇರೆಯೇ ಆಗಿತ್ತು. "ಅಪ್ಪಾ, ಕೇಟ್ಟೀಂಗಳಾ?" ಕೇಳಿದಿರಾ ಎಂದು.

"ಇಲ್ಲ ಮಗಾ, ಒಂದ್ ಸ್ವರವೂ ಕೇಳ್ಲಿಲ್ಲ," ಎಂದೆ, ಬಹುಮಾನ ಕೊಡುವವನಂತೆ.

ಅವಳು ಕೊಡೆಯ ಕೆಳಗೆ ಬಂದಳು. ಸ್ಟೇಷನ್ನಿನವರೆಗೂ ಮಾತಾಡಲಿಲ್ಲ. ಚೆನ್ನಾಗಿ ಆಗಿಲ್ಲವೇನೋ ಎಂದು ಎರಡು ರಾತ್ರಿಯೂ ನನ್ನ ಗಲ್ಲಾದ ಲೆಕ್ಕ ತಾಳೆಯಾಗಲಿಲ್ಲ.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ವಾದನದ ವಿಭಾಗಕ್ಕೆ ಆಯ್ಕೆಯಾಗಿದ್ದಳು. ಕೇಸರಿಬಾತ್ ಮಾಡಿಸಿದೆ. ಮಹಡಿಗೆ ಕಳಿಸುವುದು ಹೇಗೆ ಎಂದು ಯೋಚಿಸುತ್ತಿರುವಾಗ ಮಾಸ್ತರರೇ ಇಳಿದು ಬಂದರು, ಕಂಕುಳಲ್ಲಿ ಹಗ್ಗ ಕಟ್ಟಿದ ಪುಸ್ತಕದ ಕಟ್ಟು. ತಿಂಗಳ ಕೊನೆ.

"ಸಾವ್ಕಾರ್ರ, ಹೊಂಟೆ. ಪಿಯಾನೊಕ್ಕ ನಾಳೆ ಆಳು ಬರತಾರ."

ಇರಿ ಎಂದು ಹೇಳಬೇಕು. ಹೊರಗೆ ನೋಡಿದೆ, ಮಳೆ ಹೊಯ್ಯುತ್ತಿತ್ತು. "ಈ ಮಳೆಯಲ್ಲಿ ಪಿಯಾನೊ ಇಳ್ಸೂಕೆ ಆತಿಲ್ಲೆ," ಎಂದೆ. "ಒದ್ದೆ ಆದ್ರೆ ಮತ್ತೆ ನನ್ನ ಮೇಲೆ ಬೇಡ. ಮಳೆ ನಿಂತ ಮೇಲೆ ಕಾಂಬ."

ಅವರು ನನ್ನನ್ನೂ ಮಳೆಯನ್ನೂ ನೋಡಿದರು. "ಹಂಗಂತೀರಿ? ನಿಲ್ಲಲಿ ಬಿಡ್ರಿ ಮತ್ತ," ಎಂದು ಕಟ್ಟನ್ನು ಟೇಬಲ್ಲಿನ ಮೇಲಿಟ್ಟರು. ಆ ಮಳೆ ಅವರು ಇರುವವರೆಗೂ ನಿಲ್ಲಲಿಲ್ಲ.

ಕೇಸರಿಬಾತ್ ತಿನ್ನುತ್ತ ಕೇಳಿದರು, "ಹೆಂಗ ಬಾರಿಸಿದ್ಲು? ನೀವು ಅಲ್ಲೇ ಇದ್ರೆಲ್ಲ."

"ನಾನು ಕೇಳ್ಲಿಲ್ಲ. ನೀವೇ ಹೇಳಿದ್ದು."

ಅವರ ಚಮಚ ನಿಂತಿತು. "ನಾ ಹನ್ನೊಂದು ದಿವ್ಸ ಅಂದಿದ್ನೆಲ್ಲರೀ. ಅವತ್ತು ಹನ್ನೆರಡನೇ ದಿವ್ಸ. ಆಕಿ ಬಾರಿಸಿದ್ದ ನಿಮ್ಮ ಸಲುವಾಗಿ. ನೀವು ಎಲ್ಲಿದ್ರಿ?"

ಎಳನೀರಿನವನ ಹತ್ತಿರ ಎಂದು ಹೇಳಲು ನಾಚಿಕೆಯಾಯಿತು. ಪರೀಕ್ಷೆಯ ಬಾಗಿಲಲ್ಲಿ ತಿರುಗಿ ನೋಡಿದ ಮಗಳ ಮುಖ ಆಗ ಅರ್ಥವಾಯಿತು. ಜೀವನದಲ್ಲಿ ಒಂದು ದಿನವೂ ತಡವಾಗಿ ಅಂಗಡಿ ತೆರೆಯದವನು, ಅಲ್ಲಿ ಇರಬೇಕಾದ ಹೊತ್ತಿಗೆ ಸರಿಯಾಗಿ ಎದ್ದು ಹೋಗಿದ್ದೆ.

ಮಾಸ್ತರರು ಅನುಷಾಳನ್ನು ಕೂಗಿ, ನನ್ನನ್ನೂ ಮೇಲೆ ಬರಹೇಳಿದರು. ಮೂವರೂ ಹೋದೆವು. ಗ್ರೈಂಡರ್ ಓಡುತ್ತಿರಲಿಲ್ಲ. ಅವಳು ಪಿಯಾನೊ ಮುಂದೆ ಕುಳಿತಳು, ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ.

"ಅವತ್ತಿಂದೇ ಬಾರಿಸು ಮಗಾ," ಎಂದೆ. "ಕಾಲೇಜಲ್ಲಿ ಬಾರಿಸಿದ್ದು."

ಅವಳು ಮಾಸ್ತರರನ್ನು ನೋಡಿದಳು, ನನ್ನನ್ನು ನೋಡಿದಳು. "ಅದು ಪೋಯಿಡ್ಚು ಅಪ್ಪಾ," ಎಂದಳು. ಹೋಯಿತು ಎಂದು. ಬೇಸರವಿರಲಿಲ್ಲ ಆ ಮಾತಿನಲ್ಲಿ, ಬಸ್ಸು ಹೋಯಿತು ಎಂದಂತೆ ಹೇಳಿದಳು. "ಅದೇ ಬರಲ್ಲ. ಬೇರೆ ವರುಂ."

"ಸ್ವಲ್ಪವೂ ನೆನಪಿಲ್ಲೆಯಾ?"

"ಇಲ್ಲ ಅಪ್ಪಾ."

ಲ್ಯಾಮಿನೇಷನ್ ಮಾಡಿಸಿದ್ದ ಎರಡು ಪುಟ ನನ್ನ ಮೇಜಿನ ಡ್ರಾದಲ್ಲಿ ಭದ್ರವಾಗಿತ್ತು. ಕೇಳಬೇಕಾಗಿದ್ದದ್ದು ಮಾತ್ರ ಎಲ್ಲೂ ಇರಲಿಲ್ಲ.

ಮಾಸ್ತರರು ಕಿಟಕಿಯ ಕಟ್ಟೆಗೆ ಒರಗಿ, "ಬ್ಯಾರೇದು ಬರ್ತದ, ಕುಂದರ್ರಿ," ಎಂದರು.

ಅವಳು ಶುರು ಮಾಡಿದಳು. ಎಡಗೈ ಮೊದಲು, ನಿಧಾನವಾಗಿ, ಆಮೇಲೆ ಬಲಗೈ. ನಾಲ್ಕನೆಯ ಸಾಲಿಗೆ ಒಂದು ಸ್ವರ ಎಡವಟ್ಟಾಗಿ ಬಿತ್ತು, ನನ್ನಂಥವನಿಗೂ ತಿಳಿಯಿತು. ಅಭ್ಯಾಸದಂತೆ ಅವಳು ನನ್ನ ಕಡೆ ನೋಡಿಯಾಳು ಎಂದುಕೊಂಡೆ. ನೋಡಲಿಲ್ಲ. ಅದೇ ಸ್ವರವನ್ನು ಮತ್ತೆ ಒತ್ತಿ, ಅಲ್ಲಿಂದಲೇ ಬೇರೆ ದಾರಿ ಹಿಡಿದಳು.

ಮೆಟ್ಟಿಲ ಕೆಳಗಿನಿಂದ ಸುಂದರಂ ಕೂಗಿದ. "ಸಾರ್, ಗಲ್ಲಾದಲ್ಲಿ ಯಾರೂ ಇಲ್ಲ. ಆರು ಜನ ನಿಂತಿದಾರೆ."

ನಿಂತಿರಲಿ ಎಂದು ಕೈಸನ್ನೆ ಮಾಡಿ ಬಾಗಿಲು ಹಾಕಿಕೊಂಡೆ.